ತೂಕ ಇಳಿಸುವ ಸರ್ಜರಿ ಆದಮೇಲೆ ಟೈಪ್ 1 ಸಕ್ಕರೆ ಕಾಯಿಲೆ ಮತ್ತು ಇನ್ಸುಲಿನ್ ಪಂಪ್: ವಿಜಯಪುರದಿಂದ ಒಂದು ಸಮಗ್ರ ಮಾರ್ಗದರ್ಶಿ

ಸರ್ಜರಿ ಮುಗಿಸಿ ಮನೆಗೆ ಬಂದ ಮೂರನೇ ದಿನ ಎದುರು ಮನೆಯ ಕಾಕು ಬಂದು ನನ್ನ ಪಕ್ಕ ಕೂತರು. ಸೊಂಟದಲ್ಲಿದ್ದ ಪಂಪ್ (ಚರ್ಮದ ಕೆಳಗೆ ಇನ್ಸುಲಿನ್ ಹರಿಸುತ್ತಲೇ ಇರುವ ಚಿಕ್ಕ ಯಂತ್ರ) ನೋಡಿ ಕೇಳಿದರು, "ನಮ್ಮ ಭಾವಂದು ಇದ ಆಪರೇಶನ್ ಆದ ಮ್ಯಾಲ ಶುಗರ್ ಹೋತ್ ನೋಡವಾ. ಇನ್ಸುಲಿನ್ ಬಿಟ್ಟಾರ. ನೀ ಇನ್ನೂ ಯಾಕ ಈ ಮಶೀನ್ ಕಟಗೊಂಡಿ?"

ಅವರ ಭಾವನದು ಟೈಪ್ 2. ಅಲ್ಲಿ ಮೈಯಲ್ಲಿ ಇನ್ಸುಲಿನ್ ಇರುತ್ತದೆ, ಸರಿಯಾಗಿ ಕೆಲಸ ಮಾಡುವುದಿಲ್ಲ. ತೂಕ ಇಳಿದಾಗ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ನಮ್ಮದು, ಅಂದರೆ ಟೈಪ್ 1, ಬೇರೆ. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಮ್ಮ ಮೈಯೇ ನಾಶ ಮಾಡಿದೆ. ಹೊಟ್ಟೆ ಚಿಕ್ಕದಾದರೂ ಅವು ವಾಪಸ್ ಬರುವುದಿಲ್ಲ. ಹಾಗಾಗಿ ಟೈಪ್ 1 ಇರುವವರಿಗೆ ಈ ಸರ್ಜರಿ ಆದಮೇಲೆ ಇನ್ಸುಲಿನ್ ಕಡಿಮೆ ಆಗುತ್ತದೆ, ತುಂಬಾ ಕಡಿಮೆ ಆಗಬಹುದು. ಆದರೆ ಸೊನ್ನೆ ಆಗುವುದಿಲ್ಲ. ಈ ಬರಹದಲ್ಲಿ ಬೇರೆ ಏನು ಮರೆತರೂ ಇದೊಂದು ನೆನಪಿಡಿ: ಬೋಲಸ್ (ಊಟಕ್ಕೆ ಅಥವಾ ಏರಿದ ಶುಗರ್ ಇಳಿಸಲು ಕೊಡುವ ಇನ್ಸುಲಿನ್) ಕೊಡದೆ ಇರುವ ಹೊತ್ತು ಬರಬಹುದು, ಬೇಸಲ್ (ದಿನವಿಡೀ ಸಣ್ಣಗೆ ಹರಿಯುವ ಇನ್ಸುಲಿನ್) ನಿಲ್ಲಿಸುವ ಹೊತ್ತು ಬರುವುದಿಲ್ಲ.

ನನ್ನದು ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ಹೊಟ್ಟೆ ಚಿಕ್ಕದು ಮಾಡಿ ಸೀದಾ ಸಣ್ಣ ಕರುಳಿಗೆ ಜೋಡಿಸುವುದು. ಸ್ಲೀವ್ (ಹೊಟ್ಟೆಯನ್ನು ಮಾತ್ರ ಕತ್ತರಿಸಿ ಕೊಳವೆಯಂತೆ ಚಿಕ್ಕದು ಮಾಡುವುದು) ಮಾಡಿಸಿಕೊಂಡವರಿಗೂ ಇಲ್ಲಿನ ಹೆಚ್ಚಿನ ಮಾತು ಅನ್ವಯಿಸುತ್ತದೆ. ಬೇರೆ ಆಗುವ ಕಡೆ ಹೇಳುತ್ತೇನೆ. ಇಲ್ಲಿರುವ ಅಂಕಿಗಳನ್ನು ಇಟ್ಟುಕೊಂಡು ನಿಮ್ಮ ಡಾಕ್ಟರ ಜೊತೆ ಕೂತು ಮಾತಾಡಿ. ಸುಮ್ನೆ ಪಂಪ್‌ಗೆ ಹಾಕಬೇಡಿ.

ಹೆಜ್ಜೆ 1: ಸರ್ಜರಿಗೆ ಮುಂಚೆ ಮಾಡುವ ಕೆಲಸ

ಎರಡು ವಾರ ಮುಂಚೆ ಲಿವರ್ ಚಿಕ್ಕದಾಗಲಿ ಅಂತ ದ್ರವ ಆಹಾರ ಕೊಡುತ್ತಾರೆ. ಇನ್ಸುಲಿನ್ ಇಳಿಯುವುದು ಆವಾಗಲೇ ಶುರು. ಎರಡನೇ ದಿನವೇ ರಾತ್ರಿ ಲೋ ಅಲಾರಂ (ಶುಗರ್ ತೀರಾ ಇಳಿದಿದೆ ಅನ್ನುವ ಎಚ್ಚರಿಕೆ) ಬಂದರೆ ಗಾಬರಿ ಬೇಡ. ಬೇಸಲ್ ಇಳಿಸಬೇಕು ಅಂತ ಅರ್ಥ. ನನಗೆ ಡಾಕ್ಟರು ಮೊದಲು 20 ಶೇಕಡಾ ಇಳಿಸಿದರು. ಆಮೇಲೆ ಸೆನ್ಸರ್ (ಮೈಗೆ ಅಂಟಿಸಿಕೊಂಡು ಸದಾ ಶುಗರ್ ಅಳೆಯುವ ಸಾಧನ) ನೋಡುತ್ತಾ ಇನ್ನಷ್ಟು.

ಕಣ್ಣಿನ ಪರೀಕ್ಷೆ ಇದೇ ಹೊತ್ತಲ್ಲಿ ಮುಗಿಸಿ. ಹಲವು ವರ್ಷ ಜಾಸ್ತಿ ಇದ್ದ ಶುಗರ್ ತಟ್ಟನೆ ಇಳಿದರೆ ರೆಟಿನಾದ ತೊಂದರೆ ಮೊದಮೊದಲು ಹೆಚ್ಚಾಗಬಹುದು. ತೂಕಕ್ಕೆ ಅಂತ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನು ಸರ್ಜರಿ ಡಾಕ್ಟರಿಗೆ ತಪ್ಪದೆ ಹೇಳಿ. ಈ ಜಾತಿಯ ಮಾತ್ರೆ ಶುಗರ್ ನಾರ್ಮಲ್ ತೋರಿಸುತ್ತಲೇ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ರಕ್ತದಲ್ಲಿ ಸೇರುವ ಆಮ್ಲ) ಏರಿಸಬಲ್ಲದು. ಸರ್ಜರಿಗೆ ಕನಿಷ್ಠ 3 ದಿನ ಮುಂಚೆ ಇದನ್ನು ನಿಲ್ಲಿಸುತ್ತಾರೆ.

ಇನ್ನು ಒಂದು ಹಾಳೆ. ಅದರಲ್ಲಿ ಪಂಪ್‌ನ ಗಂಟೆವಾರು ಬೇಸಲ್, ಕಾರ್ಬ್ ರೇಶಿಯೋ (ಒಂದು ಯೂನಿಟ್ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್‌ಗೆ ಸಾಕು ಅನ್ನುವುದು), ಕರೆಕ್ಷನ್ (ಏರಿದ ಶುಗರ್ ಇಳಿಸುವ ಬೋಲಸ್) ಲೆಕ್ಕ, ಇನ್ಸುಲಿನ್ ಎಷ್ಟು ಗಂಟೆ ಕೆಲಸ ಮಾಡುತ್ತದೆ ಅನ್ನುವುದು ಬರೆದಿಡಿ. ಮೇಲ್ಗಡೆ ದೊಡ್ಡದಾಗಿ ಬರೆಯಿರಿ: "ಟೈಪ್ 1. ಪಂಪ್ ತೆಗೆದರೆ ಬೇರೆ ದಾರಿಯಿಂದ ಇನ್ಸುಲಿನ್ ಕೊಡಲೇಬೇಕು." ಇದು ಯಾಕೆ ಅಂತ ಮುಂದಿನ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 2: ಆಸ್ಪತ್ರೆಯಲ್ಲಿ

ಥಿಯೇಟರ್‌ನಲ್ಲಿ ಸಾಮಾನ್ಯವಾಗಿ ಪಂಪ್ ತೆಗೆದು ರಕ್ತನಾಳದ ಮೂಲಕ ಇನ್ಸುಲಿನ್ ಡ್ರಿಪ್ ಹಾಕುತ್ತಾರೆ. ಇಲ್ಲಿ ಸಮಯದ ಲೆಕ್ಕ ಮುಖ್ಯ. ಡ್ರಿಪ್ ಇನ್ಸುಲಿನ್ ನಿಂತ ಕೆಲವೇ ನಿಮಿಷದಲ್ಲಿ ಅದರ ಪ್ರಭಾವ ಹೋಗುತ್ತದೆ. ಪಂಪ್ ಇನ್ಸುಲಿನ್ ಚರ್ಮದ ಕೆಳಗಿಂದ ಏರಲು ಸಮಯ ಬೇಕು. ಆದ್ದರಿಂದ ವಾಪಸ್ ಬರುವಾಗ ಮೊದಲು ಪಂಪ್ ಶುರು ಮಾಡಬೇಕು, ಒಂದೆರಡು ಗಂಟೆ ಆದಮೇಲೆ ಡ್ರಿಪ್ ನಿಲ್ಲಿಸಬೇಕು.

ನನಗೆ ಇದು ತಪ್ಪಿತು. ಸರ್ಜರಿ ಆದ ಮರುದಿನ ಬೆಳಗ್ಗೆ ನನ್ನ ಶುಗರ್ 130 ಇತ್ತು. ಡ್ಯೂಟಿಯಲ್ಲಿದ್ದವರು "ನಾರ್ಮಲ್ ಇದೆಯಲ್ಲ, ಊಟವೂ ಇಲ್ಲ, ಇನ್ಸುಲಿನ್ ಯಾಕೆ?" ಅಂತ ಡ್ರಿಪ್ ನಿಲ್ಲಿಸಿದರು. ಪಂಪ್ ಬ್ಯಾಗಿನಲ್ಲೇ ಇತ್ತು. ನಾನು ಅರೆ ನಿದ್ದೆಯಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ವಾಂತಿ, ಉಸಿರು ಜೋರು. ಶುಗರ್ ಆವಾಗಲೂ 190 ಮಾತ್ರ. ಕೀಟೋನ್ ನೋಡಿ ಅಂತ ನನ್ನ ತಮ್ಮ ಹಟ ಹಿಡಿದ. ನೋಡಿದರೆ 3.2, ಅಪಾಯದ ಮಟ್ಟ. ಅವನು ಹಟ ಹಿಡಿಯದೆ ಇದ್ದಿದ್ದರೆ ಅದು ಸರ್ಜರಿಯ ವಾಂತಿ ಅಂತಲೇ ಸಂಜೆವರೆಗೂ ಕಳೆಯುತ್ತಿತ್ತು.

ಆದ್ದರಿಂದ ಜೊತೆಗೆ ಇರುವವರನ್ನು ತಯಾರು ಮಾಡಿ. ಅವರಿಗೆ ಪಂಪ್ ಓಡಿಸಲು ಬರಬೇಕಂತಿಲ್ಲ. "ಇವಳಿಗೆ ಈಗ ಇನ್ಸುಲಿನ್ ಎಲ್ಲಿಂದ ಹೋಗುತ್ತಿದೆ?" ಅಂತ ಪ್ರತಿ ಡ್ಯೂಟಿ ಬದಲಾದಾಗ ಕೇಳಿದರೆ ಸಾಕು.

ಹೆಜ್ಜೆ 3: ಹಳೆಯ ಅಂಕಿ ಬಿಟ್ಟು ಹೊಸ ಲೆಕ್ಕ

ಈ ಹೆಜ್ಜೆಗೆ ನಿಧಾನವಾಗಿ ಕೂರಿ. ಮನೆಗೆ ಬಂದಮೇಲೆ ಆಗುವ ಅಪಾಯದಲ್ಲಿ ಹೆಚ್ಚಿನದು ಇಲ್ಲೇ ಹುಟ್ಟುತ್ತದೆ.

ನನ್ನ ಲೆಕ್ಕವನ್ನೇ ನೋಡೋಣ. ಸರ್ಜರಿಗೆ ಮುಂಚೆ ದಿನಕ್ಕೆ ಒಟ್ಟು 80 ಯೂನಿಟ್. ಮೂರನೇ ವಾರಕ್ಕೆ 34. ಕರೆಕ್ಷನ್‌ಗೆ 1800ರ ಸೂತ್ರ ಬಳಸುತ್ತಾರೆ: 1800ನ್ನು ದಿನದ ಒಟ್ಟು ಯೂನಿಟ್‌ನಿಂದ ಭಾಗಿಸಿದರೆ ಒಂದು ಯೂನಿಟ್ ಎಷ್ಟು ಶುಗರ್ ಇಳಿಸುತ್ತದೆ ಅಂತ ಅಂದಾಜು ಸಿಗುತ್ತದೆ. 80ಕ್ಕೆ ಅದು 22. 34ಕ್ಕೆ ಅದು 53. ಊಟಕ್ಕೆ 500ರ ಸೂತ್ರ: 500ನ್ನು ಭಾಗಿಸಿದರೆ ಒಂದು ಯೂನಿಟ್‌ಗೆ ಎಷ್ಟು ಗ್ರಾಂ ಕಾರ್ಬ್ ಅಂತ. ಮೊದಲು 6 ಗ್ರಾಂ, ಈಗ 15 ಗ್ರಾಂ ಹತ್ತಿರ.

ಈಗ ಶುಗರ್ 260 ಇದೆ, 120ಕ್ಕೆ ತರಬೇಕು ಅಂದುಕೊಳ್ಳಿ. 140 ಇಳಿಸಬೇಕು. ಹಳೆಯ ಸೆಟ್ಟಿಂಗ್ ಇದ್ದರೆ ಪಂಪ್ 6 ಯೂನಿಟ್‌ಗೂ ಜಾಸ್ತಿ ಹಾಕು ಅನ್ನುತ್ತದೆ. ನಿಜಕ್ಕೂ ಬೇಕಾದದ್ದು 2.6. ಆ ವ್ಯತ್ಯಾಸಕ್ಕೆ ಮನುಷ್ಯ ಪ್ರಜ್ಞೆ ತಪ್ಪಬಹುದು. ಪಂಪ್‌ಗೆ ನಿಮ್ಮ ಹೊಟ್ಟೆ ಕತ್ತರಿಸಿದ್ದು ಗೊತ್ತಿಲ್ಲ, ಅಲ್ವಾ?

ಬೇಸಲ್ ಸರಿ ಇದೆಯಾ ಅಂತ ನೋಡುವುದು ಸುಲಭ. ರಾತ್ರಿ ಕೊನೆಯ ಬೋಲಸ್ ಆಗಿ ನಾಲ್ಕು ಗಂಟೆ ಆದಮೇಲೆ ಸೆನ್ಸರ್ ಗೆರೆ ನೋಡಿ. ಏನೂ ತಿನ್ನದೆ ಬೆಳಗಿನವರೆಗೆ 30ರ ಒಳಗೆ ಏರುಪೇರು ಇದ್ದರೆ ಬೇಸಲ್ ಸರಿ ಇದೆ. 140ರಿಂದ 80ಕ್ಕೆ ಇಳಿದರೆ ಜಾಸ್ತಿ ಇದೆ. ಒಂದು ಸಲಕ್ಕೆ 10 ಶೇಕಡಾ ಬದಲಿಸಿ, ಎರಡು ರಾತ್ರಿ ನೋಡಿ, ಮತ್ತೆ ಬದಲಿಸಿ. ಈ ಪರೀಕ್ಷೆ ಮೊದಲ ಎರಡು ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ತೂಕ ಇಳಿಯುವುದು ಒಂದು, ಒಂದೂವರೆ ವರ್ಷ ನಡೆಯುತ್ತದೆ. ಅಲ್ಲಿವರೆಗೆ ಯಾವ ಸೆಟ್ಟಿಂಗೂ ಕಾಯಂ ಅಲ್ಲ.

ಆಟೋ ಮೋಡ್ (ಸೆನ್ಸರ್ ನೋಡಿ ಪಂಪ್ ತಾನೇ ಇನ್ಸುಲಿನ್ ಹೊಂದಿಸುವುದು) ಇರುವ ಪಂಪ್ ಹಿಂದಿನ ಕೆಲವು ದಿನಗಳ ಒಟ್ಟು ಇನ್ಸುಲಿನ್ ನೋಡಿ ಕಲಿಯುತ್ತದೆ. ಅದರ ಕಲಿಕೆಯಲ್ಲಿ ಹಳೆಯ ದೊಡ್ಡ ದೇಹ ಇನ್ನೂ ಇರುತ್ತದೆ. ಹಾಗಾಗಿ ಮೊದಲ ದಿನಗಳು ಮ್ಯಾನುವಲ್‌ನಲ್ಲೇ ಇರಲಿ ಅಂತ ನನ್ನ ಡಾಕ್ಟರು ಹೇಳಿದರು, ಅದು ಒಳ್ಳೆಯದೇ ಆಯಿತು. ಮೆಡ್‌ಟ್ರಾನಿಕ್ 780ಜಿ ಬಳಸುವವರು ಇನ್ನೊಂದು ತಿಳಿದಿರಿ: ಅದರ ಆಟೋ ಮೋಡ್‌ಗೆ ದಿನಕ್ಕೆ ಕನಿಷ್ಠ 8 ಯೂನಿಟ್ ಬೇಕು. ಮೊದಲ ವಾರಗಳಲ್ಲಿ ಸಣ್ಣ ಮೈಯವರು ಅದರ ಹತ್ತಿರ ಬರಬಹುದು.

ಹೆಜ್ಜೆ 4: ಕಾಲು ರೊಟ್ಟಿಗೆ ಎಷ್ಟು ಯೂನಿಟ್?

ಮೊದಲು ತಿಳಿನೀರಿನಂಥ ಬೇಳೆ ಕಟ್ಟು. ಆಮೇಲೆ ಮಜ್ಜಿಗೆ, ಹಾಲು. ಆಮೇಲೆ ರುಬ್ಬಿದ್ದು, ಮೆತ್ತಗಿನದ್ದು. ಆರರಿಂದ ಎಂಟು ವಾರಕ್ಕೆ ಸಾಮಾನ್ಯ ಊಟ. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಡಬೇಕು. ಪ್ರೋಟೀನ್ ಮೊದಲು, ದಿನಕ್ಕೆ 60 ಗ್ರಾಂ ಮುಟ್ಟಬೇಕು. ಇದೆಲ್ಲ ಡಯಟಿಶಿಯನ್ ಹೇಳಿಯೇ ಇರುತ್ತಾರೆ, ನಾನು ಉದ್ದ ಮಾಡುವುದಿಲ್ಲ.

ಕಾರ್ಬ್ ಲೆಕ್ಕಕ್ಕೆ ಮನೆಯಲ್ಲಿ ಒಂದು ಚಿಕ್ಕ ತಕ್ಕಡಿ ಬೇಕೇ ಬೇಕು. ಜೋಳದ ಹಿಟ್ಟು 100 ಗ್ರಾಂನಲ್ಲಿ ಸುಮಾರು 68 ಗ್ರಾಂ ಕಾರ್ಬ್. 40 ಗ್ರಾಂ ಹಿಟ್ಟಿನ ರೊಟ್ಟಿ ಅಂದರೆ 27. ಎರಡು ತಿಂಗಳಾದಾಗ ನನಗೆ ಹಿಡಿಸುತ್ತಿದ್ದದ್ದು ಕಾಲು ರೊಟ್ಟಿ, ಝುಣಕದ ಜೊತೆ. ಅಂದರೆ ರೊಟ್ಟಿಯಿಂದ 7 ಗ್ರಾಂ. ನನ್ನ ರೇಶಿಯೋದಲ್ಲಿ ಅರ್ಧ ಯೂನಿಟ್. ಇಷ್ಟು ಸಣ್ಣ ಪ್ರಮಾಣ ಪಂಪ್ ನಿಖರವಾಗಿ ಕೊಡುತ್ತದೆ. ಹೆಚ್ಚಿನ ಇನ್ಸುಲಿನ್ ಪೆನ್‌ಗಳಲ್ಲಿ ಒಂದು ಯೂನಿಟ್‌ಗಿಂತ ಕಡಿಮೆ ಆಗುವುದಿಲ್ಲ. ಸರ್ಜರಿ ಆದವರಿಗೆ ಪಂಪ್‌ನ ನಿಜವಾದ ಬೆಲೆ ಗೊತ್ತಾಗುವುದು ಇಲ್ಲಿ. 200 ಎಂ.ಎಲ್. ಹಾಲಿಗೆ 10 ಗ್ರಾಂ ಹತ್ತಿರ ಕಾರ್ಬ್ ಇರುತ್ತದೆ, ಅದನ್ನು ಮರೆಯಬೇಡಿ.

ಈಗ ಕಷ್ಟದ ಮಾತು. ಬೈಪಾಸ್‌ನಲ್ಲಿ ಊಟ ಸೀದಾ ಸಣ್ಣ ಕರುಳಿಗೆ ಹೋಗುತ್ತದೆ. ಶುಗರ್ ಅರ್ಧ ಗಂಟೆಯಲ್ಲಿ ಜಿಗಿಯುತ್ತದೆ, ಎರಡು ಗಂಟೆಗೆ ಇಳಿಯುತ್ತದೆ. ಇನ್ಸುಲಿನ್ ಮಾತ್ರ ನಿಧಾನಕ್ಕೆ ಏರಿ ಮೂರು ನಾಲ್ಕು ಗಂಟೆ ಇರುತ್ತದೆ. ಹಾಗಾಗಿ ಮುಂಚೆ ಏರಿಕೆ, ಆಮೇಲೆ ಲೋ. ಸ್ಲೀವ್‌ನಲ್ಲೂ ಹೊಟ್ಟೆ ಬೇಗ ಖಾಲಿ ಆಗುತ್ತದೆ, ಆದರೆ ಇಷ್ಟು ಜೋರಲ್ಲ. ಈ ಜಿಗಿತ ತಡೆಯಲು ಬೋಲಸ್ 15 ನಿಮಿಷ ಮುಂಚೆ ಕೊಡಬೇಕು. ಆದರೆ ಎರಡು ತುತ್ತಿಗೆ ಹೊಟ್ಟೆ ತುಂಬಿದರೆ? ವಾಂತಿ ಆದರೆ? ಕೊಟ್ಟ ಇನ್ಸುಲಿನ್ ವಾಪಸ್ ತೆಗೆಯಲು ಆಗುವುದಿಲ್ಲ.

ನಾನು ಮಾಡುವುದು ಹೀಗೆ. ಖಂಡಿತ ತಿನ್ನುತ್ತೇನೆ ಅನ್ನುವಷ್ಟಕ್ಕೆ ಮಾತ್ರ ಮುಂಚೆ ಬೋಲಸ್. ತಟ್ಟೆ ಮುಗಿದರೆ ಉಳಿದದ್ದು. ಮೊದಲ ತಿಂಗಳು ಮುಂಚೆ ಏನೂ ಕೊಡುತ್ತಿರಲಿಲ್ಲ, ತಿಂದಮೇಲೆಯೇ. ಒಂದು ಗಂಟೆ ಶುಗರ್ 220 ಇದ್ದರೂ ಸಹಿಸಿಕೊಂಡೆ. ಆ ಏರಿಕೆ ಕಂಡು ಮೇಲಿಂದ ಮೇಲೆ ಕರೆಕ್ಷನ್ ಒತ್ತುವುದು ದೊಡ್ಡ ತಪ್ಪು. ಅದು ತಾನಾಗಿಯೇ ಇಳಿಯುವ ಏರಿಕೆ.

ಪ್ರೋಟೀನ್ ಕೂಡ ಲೆಕ್ಕಕ್ಕೆ ಬರುತ್ತದೆ. ಮೊಟ್ಟೆ, ಪನೀರ್, ಪ್ರೋಟೀನ್ ಪುಡಿ ಇಷ್ಟನ್ನೇ ತಿಂದ ದಿನ ಮೂರರಿಂದ ಐದು ಗಂಟೆ ಆದಮೇಲೆ ನಿಧಾನಕ್ಕೆ ಶುಗರ್ ಏರುತ್ತದೆ. ಅದಕ್ಕೆ ಉದ್ದದ ಬೋಲಸ್ ಇದೆ, ಒಂದೇ ಸಲ ಕೊಡದೆ ಎರಡು ಮೂರು ಗಂಟೆಗೆ ಹರಡುವುದು. ಕೆಲವು ಪಂಪ್‌ಗಳಲ್ಲಿ ಆಟೋ ಮೋಡ್ ಹಾಕಿದಾಗ ಈ ಆಯ್ಕೆ ಇರುವುದಿಲ್ಲ, ಅಲ್ಲಿ ಪಂಪ್ ತಾನೇ ಹಿಂಬಾಲಿಸುತ್ತದೆ.

ಹೆಜ್ಜೆ 5: ಬೆವರು ಬಂದ ಕೂಡಲೇ ಸಕ್ಕರೆ ಬೇಡ, ಮೊದಲು ಬೆರಳು ಚುಚ್ಚಿ

ಬೆಳಗಾವಿಯಿಂದ ಯಾರೋ ಕುಂದಾ ತಂದಿದ್ದರು. ಒಂದು ಚಮಚ ತಿಂದೆ. ಹದಿನೈದು ನಿಮಿಷಕ್ಕೆ ಎದೆ ಡಬಡಬ, ಬೆವರು, ತಲೆಸುತ್ತು, ಹೊಟ್ಟೆ ನುಲಿತ. ಲೋ ಆಯಿತು ಅಂತ ಅಮ್ಮ ಸಕ್ಕರೆ ನೀರು ತರಲು ಓಡಿದರು. ಚೆಕ್ ಮಾಡಿದರೆ 210. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಸಿಹಿ ಒಮ್ಮೆಲೇ ಕರುಳಿಗೆ ಬಿದ್ದು ನೀರು ಎಳೆದುಕೊಳ್ಳುತ್ತದೆ. ಆಗ ಸಕ್ಕರೆ ಕುಡಿಸಿದರೆ ಇನ್ನೂ ಹಾಳು. ಮಲಗಿದರೆ ಕಡಿಮೆ ಆಗುತ್ತದೆ.

ತಿಂದ ಅರ್ಧ ಗಂಟೆಯೊಳಗೆ ಆದರೆ ಹೆಚ್ಚಾಗಿ ಡಂಪಿಂಗ್. ಒಂದರಿಂದ ಮೂರು ಗಂಟೆಗೆ ಆದರೆ ನಿಜವಾದ ಲೋ ಇರಬಹುದು. ಆದರೂ ಮೀಟರ್ ನೋಡದೆ ತೀರ್ಮಾನ ಬೇಡ. ಮೀಟರ್ ಕೈಗೆ ಸಿಗದಿದ್ದರೆ ಮಾತ್ರ ಲೋ ಅಂತಲೇ ತಿಳಿದು ಗ್ಲೂಕೋಸ್ ತಗೊಳ್ಳಿ.

ನಿಜವಾದ ಲೋ ಇದ್ದರೆ ಗ್ಲೂಕೋಸ್ ಪುಡಿ ಅಥವಾ ಮಾತ್ರೆ, ಸ್ವಲ್ಪ ನೀರಿನಲ್ಲಿ, ಗುಟುಕು ಗುಟುಕಾಗಿ. ಕಬ್ಬಿನ ಹಾಲು, ಬಾಟಲಿ ಜ್ಯೂಸ್ ಬೇಡ. ಅಷ್ಟು ನೀರು ಈ ಹೊಟ್ಟೆಗೆ ಹಿಡಿಯುವುದಿಲ್ಲ, ಹಿಡಿದರೂ ಡಂಪಿಂಗ್. 60-70 ಇದ್ದರೆ ನಾನು 8 ಗ್ರಾಂ ತಗೊಂಡು 15 ನಿಮಿಷಕ್ಕೆ ಮತ್ತೆ ನೋಡುತ್ತೇನೆ. 54ಕ್ಕಿಂತ ಕೆಳಗೆ ಇದ್ದರೆ ಕಂಜೂಸಿ ಬೇಡ, ಪೂರ್ತಿ 15 ಗ್ರಾಂ. ಏರಿದ ಮೇಲೆ ನಾಲ್ಕು ಶೇಂಗಾ ಅಥವಾ ಒಂದು ತುಂಡು ಪನೀರ್. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು. ಗ್ಲೂಕಗಾನ್ (ಶುಗರ್ ಏರಿಸುವ ಹಾರ್ಮೋನ್) ಇಂಜೆಕ್ಷನ್ ಡಾಕ್ಟರ ಚೀಟಿ ಪಡೆದು ತರಿಸಿಡಿ, ಅದು ಎಲ್ಲಿದೆ ಅಂತ ಮನೆಯವರಿಗೆಲ್ಲ ಗೊತ್ತಿರಲಿ.

ಒಂದೇ ಹೊತ್ತಿಗೆ ವಾರದಲ್ಲಿ ಎರಡು ಸಲ ಲೋ ಆದರೆ ತಿನ್ನುವುದನ್ನು ಜಾಸ್ತಿ ಮಾಡಬೇಡಿ. ಸೆಟ್ಟಿಂಗ್ ಇಳಿಸಿ. ಲೋಗೆ ಅಂತ ತಿನ್ನುತ್ತಾ ಹೋದರೆ ಇಷ್ಟು ಕಷ್ಟಪಟ್ಟು ಇಳಿಸಿದ ತೂಕ ವಾಪಸ್ ಬರುತ್ತದೆ.

ಹೆಜ್ಜೆ 6: ಕೀಟೋನ್

ಪಂಪ್‌ನಲ್ಲಿ ಇರುವುದು ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ. ಟ್ಯೂಬ್ ಮಡಚಿದರೆ, ಕ್ಯಾನುಲಾ (ಚರ್ಮದೊಳಗೆ ಇರುವ ಸಣ್ಣ ನಳಿಕೆ) ಹೊರಗೆ ಬಂದರೆ ಮೂರು ನಾಲ್ಕು ಗಂಟೆಯಲ್ಲಿ ಮೈ ಖಾಲಿ. ಅದರ ಮೇಲೆ ನಾವು ತಿನ್ನುವುದೂ ಕಡಿಮೆ. ಊಟ ಕಡಿಮೆ ಇದ್ದಾಗ ಶುಗರ್ ಹೆಚ್ಚು ಏರದೆಯೇ ಕೀಟೋನ್ ಏರಬಹುದು. ನನಗೆ ಆಸ್ಪತ್ರೆಯಲ್ಲಿ ಆದದ್ದು ಅದೇ.

ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ಉಸಿರು ಜೋರು. ಇದರಲ್ಲಿ ಒಂದು ಬಂದರೂ ಶುಗರ್ ಎಷ್ಟೇ ಇರಲಿ, ಕೀಟೋನ್ ನೋಡಿ. ರಕ್ತದಲ್ಲಿ 0.6ರ ಕೆಳಗೆ ಸರಿ. 0.6ರಿಂದ 1.5 ಇದ್ದರೆ ಎಚ್ಚರ. ಮೊದಲ ವಾರಗಳಲ್ಲಿ ಬರೀ ಹಸಿವಿನಿಂದಲೂ ಇಷ್ಟು ಬರುತ್ತದೆ, ಹಾಗಾಗಿ ಎರಡು ಗಂಟೆ ಬಿಟ್ಟು ಮತ್ತೆ ನೋಡಿ, ಏರುತ್ತಿದೆಯಾ ಅನ್ನುವುದು ಮುಖ್ಯ. 1.5 ದಾಟಿದರೆ ಡಾಕ್ಟರಿಗೆ ಫೋನ್. 3 ದಾಟಿದರೆ, ಅಥವಾ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೊರಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಊರಲ್ಲಿ ಮೆಡಿಕಲ್ ಕಾಲೇಜ್ ಆಸ್ಪತ್ರೆಗಳಿವೆ. ಇಂಡಿ, ಜಮಖಂಡಿ, ಅಥಣಿ ಕಡೆಯ ಹಳ್ಳಿಗಳಿಂದ ಹೊರಡುವವರು ದಾರಿಯ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ಬೇಗ ಹೊರಡಬೇಕು.

ಕಾರಣ ಇಲ್ಲದೆ 250 ದಾಟಿದರೆ ಪಂಪ್‌ನಿಂದ ಒಂದು ಕರೆಕ್ಷನ್. ಒಂದೆರಡು ಗಂಟೆಯಲ್ಲಿ ಇಳಿಯದಿದ್ದರೆ ಆ ಸೆಟ್ (ಟ್ಯೂಬ್ ಮತ್ತು ಕ್ಯಾನುಲಾ) ನಂಬಬೇಡಿ. ಪೆನ್ ಅಥವಾ ಸಿರಿಂಜ್‌ನಿಂದ ಕೊಡಿ, ಸೆಟ್ ಬದಲಿಸಿ, ಕೀಟೋನ್ ನೋಡಿ. ಕೀಟೋನ್ ಇಳಿಯಲು ಇನ್ಸುಲಿನ್ ಜೊತೆ ನೀರು ಮತ್ತು ಸ್ವಲ್ಪ ಕಾರ್ಬ್ ಕೂಡ ಬೇಕು. ಶುಗರ್ ನಾರ್ಮಲ್ ಇದ್ದರೆ ಅಂತೂ ಕಾರ್ಬ್ ಇಲ್ಲದೆ ಬೇಕಾದಷ್ಟು ಇನ್ಸುಲಿನ್ ಕೊಡಲು ಆಗುವುದೇ ಇಲ್ಲ. ಕೀಟೋನ್ ನೋಡುವ ಸ್ಟ್ರಿಪ್ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ವಸ್ತು ಅಲ್ಲ, ಮುಂಚೆಯೇ ತರಿಸಿಡಿ.

ಹೆಜ್ಜೆ 7: ಸೆಟ್, ಚರ್ಮ, ನಮ್ಮ ಬಿಸಿಲು

ಮೊದಲ ಕೆಲವು ವಾರ ಹೊಟ್ಟೆಯ ಗಾಯದ ಹತ್ತಿರ ಸೆಟ್ ಬೇಡ. ತೊಡೆ, ಪೃಷ್ಠದ ಮೇಲ್ಭಾಗ, ತೋಳು ಬಳಸಿ. ತೂಕ ಇಳಿದಂತೆ ಕೊಬ್ಬು ತೆಳು ಆಗುತ್ತದೆ. 9 ಎಂ.ಎಂ. ಕ್ಯಾನುಲಾ ಮಾಂಸಕ್ಕೆ ತಾಗಿ ನೋಯಬಹುದು. ಆಗ 6 ಎಂ.ಎಂ.ಗೆ, ಅಥವಾ ಓರೆಯಾಗಿ ಹಾಕುವ ಸೆಟ್‌ಗೆ ಬದಲಿಸಿ. ಜೋತು ಬಿದ್ದ ಚರ್ಮದ ಮಡಿಕೆಯಲ್ಲಿ ಹಾಕಿದರೆ ಕೂತಾಗ ಮಡಚುತ್ತದೆ. ಚರ್ಮ ಎಳೆದು ಹಿಡಿದು ಹಾಕಿ.

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆ 40 ಡಿಗ್ರಿ ದಾಟುತ್ತದೆ. 37 ದಾಟಿದರೆ ಪಂಪ್‌ನೊಳಗಿನ ಇನ್ಸುಲಿನ್ ಕೆಡುತ್ತದೆ. ಬೈಕ್ ಮೇಲೆ ಹೋಗುವಾಗ ಪಂಪ್ ಮತ್ತು ಟ್ಯೂಬ್ ಬಟ್ಟೆಯ ಒಳಗೆ ಇರಲಿ. ನಾನು ಲಂಗದ ಲಾಡಿಗೆ ಹತ್ತಿ ಚೀಲ ಹೊಲಿದುಕೊಂಡಿದ್ದೇನೆ. ಬೇಸಿಗೆಯಲ್ಲಿ ಮೂರು ದಿನಕ್ಕೆ ಬದಲು ಎರಡೇ ದಿನಕ್ಕೆ ಸೆಟ್, ಇನ್ಸುಲಿನ್ ಎರಡನ್ನೂ ಬದಲಿಸುತ್ತೇನೆ. ಕರೆಂಟ್ ಹೋದರೆ ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಒದ್ದೆ ಉಸುಕು ತುಂಬಿದ ಮಣ್ಣಿನ ಗಡಿಗೆಯೊಳಗೆ ಇಡುತ್ತೇನೆ. ಫ್ರಿಜ್‌ನಿಂದ ತೆಗೆದ ತಣ್ಣಗಿನ ಇನ್ಸುಲಿನ್ ತಕ್ಷಣ ತುಂಬಬೇಡಿ, ಬೆಚ್ಚಗಾಗುತ್ತಾ ಗುಳ್ಳೆ ಏಳುತ್ತದೆ.

ಸೆನ್ಸರ್ ಬಗ್ಗೆ ಒಂದು ಮಾತು. ಸರ್ಜರಿ ಆದವರಿಗೆ, ಅದರಲ್ಲೂ ಬೈಪಾಸ್ ಆದವರಿಗೆ, ಬ್ರೂಫೆನ್ ಜಾತಿಯ ನೋವಿನ ಮಾತ್ರೆ ಬೇಡ ಅನ್ನುತ್ತಾರೆ, ಹುಣ್ಣು ಆಗುತ್ತದೆ. ಆಗ ಪ್ಯಾರಾಸಿಟಮಾಲ್ ತಗೊಳ್ಳುತ್ತೇವೆ. ಮೆಡ್‌ಟ್ರಾನಿಕ್ ಗಾರ್ಡಿಯನ್ ಸೆನ್ಸರ್‌ಗಳು ಪ್ಯಾರಾಸಿಟಮಾಲ್‌ನಿಂದ ಇಲ್ಲದ ಶುಗರ್ ಏರಿಕೆ ತೋರಿಸಬಹುದು. ಆಟೋ ಮೋಡ್ ಅದನ್ನು ನಂಬಿ ಇನ್ಸುಲಿನ್ ಹಾಕುತ್ತದೆ. ಆ ದಿನ ಮ್ಯಾನುವಲ್‌ಗೆ ಬನ್ನಿ, ಬೆರಳು ಚುಚ್ಚಿ ನೋಡಿ. ಲಿಬ್ರೆ ಸೆನ್ಸರ್‌ಗೆ ಇದೇ ತೊಂದರೆ ದಿನಕ್ಕೆ 500 ಮಿ.ಗ್ರಾಂ. ದಾಟಿದ ವಿಟಮಿನ್ ಸಿ ಮಾತ್ರೆಯಿಂದ.

ಹೆಜ್ಜೆ 8: ಪಂಪ್ ಕೈಕೊಟ್ಟ ದಿನ

ಪರ್ಸ್‌ನಲ್ಲಿ ಬೇಗ ಕೆಲಸ ಮಾಡುವ ಪೆನ್ ಒಂದು, ಗ್ಲಾರ್ಜಿನ್‌ನಂಥ ಉದ್ದ ಇನ್ಸುಲಿನ್ ಪೆನ್ ಒಂದು ಇರಲಿ. ಉದ್ದ ಇನ್ಸುಲಿನ್ ಪ್ರಮಾಣ ಪಂಪ್‌ನ 24 ಗಂಟೆಯ ಬೇಸಲ್‌ನಷ್ಟೇ ಅಂತ ಸಾಮಾನ್ಯ ಲೆಕ್ಕ. ನನ್ನ ಪರ್ಸ್‌ನ ಚೀಟಿಯಲ್ಲಿ ಐದು ತಿಂಗಳವರೆಗೂ "ಗ್ಲಾರ್ಜಿನ್ 40" ಅಂತಲೇ ಇತ್ತು. ಪಂಪ್‌ನ ಬೇಸಲ್ ಆವಾಗ 17. ಪುಣ್ಯಕ್ಕೆ ಚೀಟಿ ಬಳಸುವ ಹೊತ್ತು ಬರಲಿಲ್ಲ. ಸೆಟ್ಟಿಂಗ್ ಬದಲಿಸಿದ ದಿನವೇ ಚೀಟಿಯನ್ನೂ ಬದಲಿಸಿ, ದಿನಾಂಕ ಹಾಕಿ.

ಇನ್ನೊಂದು ಅಪಾಯ ಸಿರಿಂಜ್‌ನಲ್ಲಿದೆ. ನಮ್ಮ ಕಡೆ ಔಷಧಿ ಅಂಗಡಿಯಲ್ಲಿ ಎರಡು ತರದ ಸಿರಿಂಜ್ ಸಿಗುತ್ತವೆ. ಕೆಂಪು ಮುಚ್ಚಳದ್ದು 40ರ (ಒಂದು ಎಂ.ಎಲ್.ನಲ್ಲಿ 40 ಯೂನಿಟ್ ಇರುವ) ಇನ್ಸುಲಿನ್‌ಗೆ, ಕಿತ್ತಳೆ ಮುಚ್ಚಳದ್ದು 100ರ (ಒಂದು ಎಂ.ಎಲ್.ನಲ್ಲಿ 100 ಯೂನಿಟ್ ಇರುವ) ಇನ್ಸುಲಿನ್‌ಗೆ. ಪಂಪ್‌ಗೆ ಹಾಕುವುದು 100ರದ್ದು. ಅವಸರದಲ್ಲಿ ಅದನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 4 ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 10 ಯೂನಿಟ್. ಮುಚ್ಚಳದ ಬಣ್ಣವನ್ನೇ ನಂಬದೆ ಸಿರಿಂಜ್ ಮೇಲಿನ ಅಂಕಿ ಓದಿ. ಇದನ್ನು ಮನೆಯವರಿಗೂ ಕೈಯಲ್ಲಿ ಹಿಡಿದು ತೋರಿಸಿ.

ಹೆಜ್ಜೆ 9: ರಕ್ತ ಪರೀಕ್ಷೆ

ಬಿ12, ಕಬ್ಬಿಣ, ವಿಟಮಿನ್ ಡಿ, ಕ್ಯಾಲ್ಸಿಯಂ ಜೀವನಪೂರ್ತಿ ನೋಡಿಸಬೇಕು. ವಾಂತಿ ಹಲವು ದಿನ ಮುಂದುವರಿದರೆ ಬಿ1 ಬಗ್ಗೆ ತಕ್ಷಣ ಕೇಳಿ, ಅದರ ಕೊರತೆ ಮೆದುಳಿಗೇ ತಟ್ಟುತ್ತದೆ. ಕಬ್ಬಿಣ ಕಡಿಮೆ ಆದಾಗ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಪರೀಕ್ಷೆ) ಇರುವುದಕ್ಕಿಂತ ಜಾಸ್ತಿ ಬರಬಹುದು. ಅದನ್ನು ನೋಡಿ ಇನ್ಸುಲಿನ್ ಏರಿಸುವ ಮುಂಚೆ ಸೆನ್ಸರ್‌ನ ಸರಾಸರಿ ತೋರಿಸಿ.

ಹೆಜ್ಜೆ 10: ಎಳ್ಳಮಾವಾಸ್ಯೆಯ ತಟ್ಟೆ

ಹೊಲಕ್ಕೆ ಚರಗ (ಭೂಮಿತಾಯಿಗೆ ನೈವೇದ್ಯ) ಚೆಲ್ಲಲು ಹೋದಾಗ ಯಾರೂ ತಟ್ಟೆ ಖಾಲಿ ಬಿಡುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ. ನಾನು ಮೊದಲು ಪಲ್ಯ, ಕಾಳು, ಮೊಸರು. ಹತ್ತು ನಿಮಿಷ ಬಿಟ್ಟು ರೊಟ್ಟಿಯ ತುಂಡು, ಅದಕ್ಕೆ ಅರ್ಧ ಯೂನಿಟ್. ಹೋಳಿಗೆ ಕೊನೆಗೆ, ಎರಡು ಬೆರಳಗಲ. ಅದನ್ನು ತಿಂದ ಮೇಲೆಯೇ ಬೋಲಸ್. ಹೊಲದಲ್ಲಿ ನಡೆದಾಡುವುದು ಇರುವುದರಿಂದ ಒಂದು ಗಂಟೆ ಮುಂಚೆಯೇ ಬೇಸಲ್ 30 ಶೇಕಡಾ ತಾತ್ಕಾಲಿಕವಾಗಿ ಇಳಿಸಿರುತ್ತೇನೆ, ಮೂರು ಗಂಟೆ ಹೊತ್ತು ಅಂತ ಸಮಯ ಹಾಕಿ. ಸಮಯ ಮುಗಿದಾಗ ಪಂಪ್ ತಾನೇ ಮೊದಲಿನ ಬೇಸಲ್‌ಗೆ ಬರುತ್ತದೆ. ಹೋದ ಸಲ ಎದುರು ಮನೆಯ ಕಾಕುವೂ ಚಕ್ಕಡಿಯಲ್ಲಿ ಜೊತೆಗೆ ಬಂದಿದ್ದರು. ಪಂಪ್ ಕಿಣಿಗುಟ್ಟಿದ ಕೂಡಲೇ ಅವರೇ ಮೊದಲು ಕೇಳಿದರು, "ಇನ್ಸುಲಿನ್ ಹೊಂಟದಿಲ್ಲವಾ?"